ಟವಲಿಗಿರುವ ಮರ್ಯಾದೆ



ನಮ್ಮ ಕಡೆಯ ಬಸ್ಸುಗಳಲ್ಲಿ ಓಡಾಡಿದವರಿಗೆಲ್ಲ ಒಂದು ಅಲಿಖಿತ ಕಾನೂನು ಗೊತ್ತಿದೆ. ಬಸ್ಸು ನಿಲ್ದಾಣದೊಳಕ್ಕೆ ಹೊರಳುತ್ತಿರುವಾಗಲೇ ಒಬ್ಬಾತ ಅದರ ಜೊತೆಜೊತೆಗೆ ಓಡುತ್ತ, ತನ್ನ ಹೆಗಲ ಮೇಲಿನ ಟವಲನ್ನು ಕಿಟಕಿಯಿಂದ ಒಳಕ್ಕೆ ಎಸೆಯುತ್ತಾನೆ. ಟವಲು ಯಾವ ಸೀಟಿನ ಮೇಲೆ ಬಿತ್ತೋ ಆ ಸೀಟು ಅವನದು. ಆತ ಬಾಗಿಲ ಬಳಿಯ ನೂಕುನುಗ್ಗಲಿನಲ್ಲಿ ಸಿಕ್ಕಿ ಎಲ್ಲರಿಗಿಂತ ಕೊನೆಯಲ್ಲಿ ಒಳಗೆ ಬಂದರೂ ಅಡ್ಡಿಯಿಲ್ಲ. ಅವನಿಗಿಂತ ಮೊದಲು ಹತ್ತಿದವರು ನಿಂತಿರುತ್ತಾರೆ; ಅವನ ಟವಲು ಕುಳಿತಿರುತ್ತದೆ. ಟವಲಿಲ್ಲದವರು ಕರವಸ್ತ್ರವನ್ನೋ ವೃತ್ತಪತ್ರಿಕೆಯನ್ನೋ ಊಟದ ಡಬ್ಬಿಯನ್ನೋ ಹಾಕುತ್ತಾರೆ. ಕೈಗೂಸನ್ನೇ ಕಿಟಕಿಯಿಂದ ಒಳಕ್ಕೆ ದಾಟಿಸಿ ಸೀಟು ಹಿಡಿದ ತಾಯಂದಿರನ್ನೂ ನಾನು ಕಂಡಿದ್ದೇನೆ.

ಈ ಕಾನೂನನ್ನು ಯಾವ ಶಾಸನಸಭೆಯೂ ಮಾಡಲಿಲ್ಲ. ಇದಕ್ಕೆ ಪೊಲೀಸರಿಲ್ಲ, ದಂಡವಿಲ್ಲ. ಆದರೂ ಇದು ನಡೆಯುತ್ತದೆ. ಅಲ್ಲಲ್ಲಿ ಒಂದಿಷ್ಟು ಜಗಳ ಬಿದ್ದರೂ ಕೊನೆಗೆ ಗೆಲ್ಲುವುದು ಟವಲೇ. ‘ಇನ್ನೂ ಕಣ್ಣಿಗೆ ಬೀಳದ ಒಬ್ಬ ಮನುಷ್ಯ ನನಗಿಂತ ಮುಂದಿದ್ದಾನೆ’ ಎಂದು ಒಂದು ಬಟ್ಟೆಯ ತುಂಡನ್ನು ನೋಡಿ ಒಪ್ಪಿಕೊಳ್ಳುವ ಜನ ನಾವು. ಇದನ್ನು ನಾನು ಹಾಸ್ಯಕ್ಕೆ ಹೇಳುತ್ತಿಲ್ಲ. ಇದೊಂದು ದೊಡ್ಡ ಗುಣವೆಂದೇ ನನ್ನ ನಂಬಿಕೆ. ಆ ಗುಣದ ಪಾಲು ಇನ್ನೊಂದು ಬಗೆಯ ಪ್ರಯಾಣಿಕರಿಗೂ ಸಿಗಬೇಕೆಂದು ಕೇಳಿಕೊಳ್ಳುವುದೇ ಈ ಭಾಷಣದ ಉದ್ದೇಶ.

ಮೊದಲು ತಪ್ಪೊಪ್ಪಿಗೆ. ನಾನೂ ಟವಲು ಎಸೆದವನೇ. ರಾಮನಗರದಲ್ಲಿ ಮನೆ, ಕನಕಪುರದ ದಾರಿಯ ಒಂದು ಹಳ್ಳಿಯಲ್ಲಿ ಮೇಷ್ಟರ ಕೆಲಸ. ಮೂವತ್ತಾರು ವರ್ಷ ದಿನಕ್ಕೆರಡು ಸಲ ಬಸ್ಸು ಹತ್ತಿದೆ. ಎಡ ಮೊಣಕೈಯಿಂದ ಪಕ್ಕದವನನ್ನು ತಡೆದು, ಬಲಗೈಯಿಂದ ಬಾಗಿಲ ಕಂಬಿಯನ್ನು ಹಿಡಿದು, ಮೊದಲ ಮೆಟ್ಟಿಲಿನ ಮೇಲೆ ಕಾಲೂರುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಆ ದಾರಿಯಲ್ಲಿ ಕಡಿಮೆ. ಆ ವರ್ಷಗಳಲ್ಲಿ ನಿಲ್ದಾಣದ ಅಂಚಿನಲ್ಲಿ ಗಾಲಿಕುರ್ಚಿಯಲ್ಲಿ ಯಾರಾದರೂ ಕಾದಿದ್ದರೇ? ಇದ್ದಿರಬಹುದು. ನನಗೆ ನೆನಪಿಲ್ಲ. ನೆನಪಿಲ್ಲವೆಂಬುದೇ ನನ್ನ ಅಪರಾಧ.

ನಿವೃತ್ತನಾದ ಮೇಲೆ ಒಂದು ದಿನ ನಮ್ಮ ಮನೆಯದೇ ಮಹಡಿಯ ಮೆಟ್ಟಿಲಿನಿಂದ ಜಾರಿ ಬಿದ್ದೆ. ಬೆನ್ನುಮೂಳೆಗೆ ಪೆಟ್ಟಾಯಿತು. ಅಂದಿನಿಂದ ಸೊಂಟದ ಕೆಳಗಿನ ದೇಹ ನನ್ನ ಮಾತು ಕೇಳುವುದಿಲ್ಲ. ಗಾಲಿಕುರ್ಚಿ ಬಂತು. ಚನ್ನಪಟ್ಟಣದ ಬಡಗಿ ಕಡೆದ ಬಣ್ಣದ ಬಂಡಿಯನ್ನು ಮಕ್ಕಳು ಎಳೆದಾಡುವಂತೆ ಮನೆಯೊಳಗೆ ಸಲೀಸಾಗಿ ಉರುಳಾಡುವುದನ್ನು ಕಲಿತೆ. ಹೊಸ್ತಿಲಿನಿಂದ ಆಚೆಗೆ ಹೋಗಬೇಕಾದಾಗ ತಿಳಿಯಿತು, ನಮ್ಮ ಲೋಕವನ್ನು ಮೆಟ್ಟಿಲುಗಳ ಮೇಲೆಯೇ ಕಟ್ಟಿದ್ದಾರೆಂದು.

‘ಬಸ್ಸೇ ಏಕೆ? ಕಾರು ಮಾಡಿಕೊಂಡು ಹೋಗಬಾರದೆ?’ ಎಂದು ಹಿತೈಷಿಗಳು ಕೇಳುತ್ತಾರೆ. ಒಂದು ಮದುವೆಗೆ, ಒಂದು ಕಾಯಿಲೆಗೆ ಮಾಡಿಕೊಂಡು ಹೋಗಬಹುದು. ನಿತ್ಯದ ಬದುಕಿಗೆ ಪಿಂಚಣಿದಾರನ ಕೈಯಲ್ಲಿ ಅದು ಆಗುವ ಮಾತಲ್ಲ. ರಾಮನಗರ, ಚನ್ನಪಟ್ಟಣಗಳಿಗಾದರೂ ರೈಲು ಇದೆ. ಕನಕಪುರಕ್ಕೆ ಇಲ್ಲ, ಮಾಗಡಿಗೂ ಇಲ್ಲ. ಆ ಎರಡು ಊರುಗಳಿಗೆ ಬಡವರ ದಾರಿಯೆಂದರೆ ಬಸ್ಸೊಂದೇ. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳನ್ನಿಟ್ಟುಕೊಂಡು ರಸ್ತೆ ಸಾರಿಗೆಯನ್ನು ತನ್ನ ಕೈಯಿಂದಲೇ ಆರಂಭಿಸಿತು. 1961ರಲ್ಲಿ ಅದು ನಿಗಮವಾಯಿತು. ಹಳ್ಳಿಯ ಹುಡುಗನನ್ನು ಕಾಲೇಜಿಗೂ, ರೋಗಿಯನ್ನು ಆಸ್ಪತ್ರೆಗೂ, ಗೂಡನ್ನು ರೇಷ್ಮೆ ಮಾರುಕಟ್ಟೆಗೂ ಮುಟ್ಟಿಸಿದ್ದು ಬಸ್ಸು. ಅದನ್ನು ಹತ್ತಲಾರದವನಿಗೆ ಇವೆಲ್ಲವೂ ದೂರವೇ.

ನನ್ನ ಮಗಳನ್ನು ಮಾಗಡಿಗೆ ಕೊಟ್ಟಿದ್ದೇವೆ. ಅವಳು ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಳು. ಅಳಿಯಂದಿರು ಕಾರು ಕಳಿಸುತ್ತೇನೆಂದರು. ‘ಮನೆ ಕಟ್ಟಿ ಕೈ ಬರಿದಾಗಿರುತ್ತದೆ, ಬೇಡ’ ಎಂದು ನಾನೇ ತಡೆದೆ. ನಾನು, ನನ್ನ ಹೆಂಡತಿ ಬೆಳಗಿನ ಏಳು ಗಂಟೆಗೆ ಒಂದು ನಿಲ್ದಾಣದಲ್ಲಿ ಬಂದು ನಿಂತೆವು. ನಾವು ಬಂದಾಗ ಅಲ್ಲಿ ಇನ್ನು ಯಾರೂ ಇರಲಿಲ್ಲ. ಅಂದರೆ ಸರದಿಯಲ್ಲಿ ನಾವೇ ಮೊದಲಿಗರು.

ಬಸ್ಸು ಬಂತು. ರಸ್ತೆಯ ಅಂಚಿನಲ್ಲಿ ಆಟೋಗಳೂ ದ್ವಿಚಕ್ರ ವಾಹನಗಳೂ ನಿಂತಿದ್ದರಿಂದ ಅದು ನಡುರಸ್ತೆಯಲ್ಲಿಯೇ ನಿಂತಿತು. ನನ್ನ ಹಿಂದಿದ್ದ ನಲವತ್ತು ಜನ ಕುರ್ಚಿಯ ಎರಡು ಪಕ್ಕದಿಂದಲೂ ಹರಿದು ಹೋದರು. ಹೊಳೆಯ ನಡುವಿನ ಬಂಡೆಯನ್ನು ನೀರು ಹೇಗೆ ಬಳಸಿಕೊಂಡು ಹೋಗುತ್ತದೋ ಹಾಗೆ. ಯಾರೂ ನನ್ನನ್ನು ತಳ್ಳಲಿಲ್ಲ, ಬಯ್ಯಲಿಲ್ಲ. ವಿಕಲಚೇತನರಿಗೆಂದು ಬರೆದಿದ್ದ ಸೀಟಿನ ಮೇಲೆ ಒಂದು ಟವಲು ಬಂದು ಬಿದ್ದುದನ್ನು ಕೆಳಗಿನಿಂದಲೇ ನೋಡಿದೆ. ಬಸ್ಸು ಹೊರಟಿತು. ಎರಡನೆಯ ಬಸ್ಸಿನಲ್ಲಿಯೂ ಇದೇ ಆಯಿತು. ಆಗ ಹಿರಿಯರೊಬ್ಬರು ಹತ್ತುವ ಅವಸರದಲ್ಲಿಯೂ ನನ್ನತ್ತ ಕನಿಕರದಿಂದ ನೋಡಿ, ಜೇಬಿನಿಂದ ಐದು ರೂಪಾಯಿಯ ನಾಣ್ಯವನ್ನು ತೆಗೆದು ನನ್ನ ಮಡಿಲಿಗೆ ಹಾಕಿ ಹೋದರು.

ಆ ನಾಣ್ಯವನ್ನು ಬಹಳ ಹೊತ್ತು ನೋಡಿದೆ. ನನಗೆ ಕೋಪ ಬರಲಿಲ್ಲ. ಆ ಮನುಷ್ಯ ಕೆಟ್ಟವರಲ್ಲ. ನಾನು ಕೇಳಿದ್ದು ದಾರಿ. ಅವರು ಕೊಟ್ಟದ್ದು ದುಡ್ಡು. ದುಡ್ಡು ಕೊಡುವುದು ಅವರಿಗೆ ಗೊತ್ತಿತ್ತು, ದಾರಿ ಬಿಡುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮೂರನೆಯ ಬಸ್ಸಿನಲ್ಲಿ ಯಾರೋ ಪರಿಚಿತರು ಕಂಡು ಕೂಗಾಡಿ ಹತ್ತಿಸಿದರು. ಮಾಗಡಿಗೆ ಮುಟ್ಟಿದಾಗ ಹಾಲುಕ್ಕಿಸಿದ್ದಾಗಿತ್ತು. ಊಟದ ಎಲೆಗಳನ್ನು ಎತ್ತುತ್ತಿದ್ದರು. ಮಗಳು ಏನೂ ಹೇಳಲಿಲ್ಲ. ಹೊಸ ಮನೆಯ ಬಾಗಿಲಿನಲ್ಲಿ ನನಗೆಂದು ಸಿಮೆಂಟಿನ ಇಳಿಜಾರು ಹಾಕಿಸಿದ್ದಳು.

ಮಿತ್ರರೇ, ನನ್ನ ಜೇಬಿನಲ್ಲಿ ಒಂದು ಪಾಸಿದೆ. ವರ್ಷಕ್ಕೆ 660 ರೂಪಾಯಿ ಕಟ್ಟಿ ಪಡೆದದ್ದು. ವಾಸದ ಊರಿನಿಂದ 100 ಕಿಲೋಮೀಟರಿನವರೆಗೆ ನನ್ನಂಥವರು ಅದರಲ್ಲಿ ಓಡಾಡಬಹುದು. ದೊಡ್ಡ ಉಪಕಾರವೇ ಸರಿ, ನಾನದಕ್ಕೆ ಕೃತಜ್ಞ. ಆದರೆ 100 ಕಿಲೋಮೀಟರಿಗೆ ಪಾಸುಂಟು, ಮೂರು ಮೆಟ್ಟಿಲಿಗೆ ಪಾಸಿಲ್ಲ. ನಮ್ಮ ಊರುಗಳ ನಡುವೆ ಓಡುವ ಸಾಮಾನ್ಯ ಬಸ್ಸಿನ ನೆಲ ರಸ್ತೆಯಿಂದ ಸುಮಾರು ಮೂರಡಿ ಎತ್ತರದಲ್ಲಿರುತ್ತದೆ. ಬೆಂಗಳೂರಿನಲ್ಲಿ 2006ರಿಂದ ಓಡಿದ ತಗ್ಗು ನೆಲದ ಬಸ್ಸುಗಳ ನೆಲವಾದರೋ ಒಂದೂಕಾಲು ಅಡಿಯಷ್ಟೇ. ಬಾಗಿಲಲ್ಲಿ ಮಡಿಸಿಟ್ಟ ಹಲಗೆಯನ್ನು ಬಿಚ್ಚಿದರೆ ಗಾಲಿಕುರ್ಚಿ ತಾನಾಗಿ ಉರುಳಿ ಒಳಗೆ ಹೋಗುತ್ತದೆ. ಅಂಥ ಬಸ್ಸು ನಮ್ಮ ಕಡೆಗೂ ಬರಲೆಂದು ಹಾರೈಸೋಣ. ಆದರೆ ಆ ಹಲಗೆಯನ್ನು ಬಿಚ್ಚಬೇಕಾದರೆ ಬಾಗಿಲ ಮುಂದೆ ಒಂದು ಮಾರು ಜಾಗ ಬೇಕು; ಬಸ್ಸು ರಸ್ತೆಯಂಚಿಗೆ ಒತ್ತಿ ನಿಲ್ಲಬೇಕು; ಹಲಗೆಯ ಮೇಲೆ ಬೇರೆಯವರ ಕಾಲಿರಬಾರದು. ಯಂತ್ರ ಎಷ್ಟೇ ಒಳ್ಳೆಯದಾದರೂ ಅದಕ್ಕೆ ಜಾಗ ಬಿಡಬೇಕಾದವರು ನಾವೇ.

ಕಾನೂನಿನ ವಿಷಯವೂ ಹೀಗೆಯೇ. 1995ರ ಕಾಯಿದೆ, ಸಾರಿಗೆ ಸಂಸ್ಥೆಗಳು ತಮ್ಮ ಆರ್ಥಿಕ ಶಕ್ತಿಯ ಮಿತಿಯಲ್ಲಿ ಬಸ್ಸುಗಳನ್ನು ವಿಕಲಚೇತನರಿಗೆ ಒಗ್ಗುವಂತೆ ಮಾರ್ಪಡಿಸಬೇಕೆಂದಿತು. 2016ರ ಕಾಯಿದೆ ಬಸ್ಸು, ನಿಲ್ದಾಣಗಳ ಸೌಲಭ್ಯವನ್ನು ಹಕ್ಕಿನ ಮಾತಾಗಿ ಹೇಳಿತು. 2020ರ ಮಾರ್ಚಿಯಿಂದ ಜಾರಿಗೆ ಬಂದ ಮೋಟಾರು ವಾಹನ ನಿಯಮದ ತಿದ್ದುಪಡಿಯಲ್ಲಿ ಮೀಸಲು ಸೀಟು, ಹಿಡಿಕಂಬಿ, ಊರುಗೋಲು ಇಡುವ ಜಾಗ, ಗಾಲಿಕುರ್ಚಿಯನ್ನು ಬಂಧಿಸಿಡುವ ವ್ಯವಸ್ಥೆ ಇವೆಲ್ಲ ಸೇರಿದವು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಜೀವ್ ರತೂರಿ ಎಂಬವರ ಮೊಕದ್ದಮೆಯಲ್ಲಿ, ಇಂಥ ಸೌಲಭ್ಯಗಳು ಬರಿಯ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯ ನಿಯಮವಾಗಬೇಕೆಂದು ತೀರ್ಪಿತ್ತಿತು. ಇದು ಇಪ್ಪತ್ತೊಂಬತ್ತು ವರ್ಷಗಳ ನಡಿಗೆ. ಸಣ್ಣದಲ್ಲ. ಆದರೂ ನಿಲ್ದಾಣದಲ್ಲಿ ಬಸ್ಸು ನಿಂತ ಆ ಒಂದು ನಿಮಿಷದಲ್ಲಿ ನ್ಯಾಯಮೂರ್ತಿಗಳು ಬಂದು ನಮ್ಮ ಪಕ್ಕದಲ್ಲಿ ನಿಲ್ಲುವುದಿಲ್ಲ. ಅಲ್ಲಿರುವವರು ನಾವು ನಾವೇ.

ಸೌಕರ್ಯಗಳೆಲ್ಲ ಇರುವ ದೇಶದಲ್ಲಿ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನ ಹೇಳುತ್ತೇನೆ. ಇಂಗ್ಲೆಂಡಿನ ವೆದರ್ಬಿ ಎಂಬ ಊರಿನಿಂದ ಲೀಡ್ಸ್ ನಗರಕ್ಕೆ ಹೋಗಲು ಡಗ್ ಪಾಲಿ ಎಂಬವರು 2012ರ ಫೆಬ್ರುವರಿಯಲ್ಲಿ ಬಸ್ಸಿಗೆ ಬಂದರು. ಅವರದು ಗಾಲಿಕುರ್ಚಿ. ಬಸ್ಸಿನಲ್ಲಿ ಹಲಗೆಯಿತ್ತು, ಗಾಲಿಕುರ್ಚಿಗೆಂದೇ ಜಾಗವಿತ್ತು, ಜಾಗ ಬಿಟ್ಟುಕೊಡಿರೆಂಬ ಫಲಕವಿತ್ತು. ಆದರೆ ಆ ಜಾಗದಲ್ಲಿ ಒಬ್ಬ ತಾಯಿ ಮಲಗಿದ ಮಗುವಿನ ತಳ್ಳುಗಾಡಿಯನ್ನು ನಿಲ್ಲಿಸಿಕೊಂಡಿದ್ದಳು. ಚಾಲಕ ಕೇಳಿಕೊಂಡ, ಆಕೆ ಒಪ್ಪಲಿಲ್ಲ. ಪಾಲಿಯವರು ಕೆಳಗೇ ಉಳಿದರು. ಮೊಕದ್ದಮೆ ಐದು ವರ್ಷ ನಡೆದು, 2017ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಚಾಲಕ ಒಮ್ಮೆ ಕೇಳಿ ಸುಮ್ಮನಾದರೆ ಸಾಲದು. ನಿರಾಕರಣೆ ಸಕಾರಣವಲ್ಲವೆಂದು ತೋರಿದರೆ ಒತ್ತಾಯಿಸಬೇಕು, ಬೇಕಾದರೆ ಕೆಲವು ನಿಮಿಷ ಬಸ್ಸನ್ನೇ ನಿಲ್ಲಿಸಿ ಜನರ ಮನಸ್ಸಿಗೆ ನಾಟಿಸಬೇಕು ಎಂದಿತು ನ್ಯಾಯಾಲಯ. ಆದರೆ ಒಪ್ಪದವರನ್ನು ಕೆಳಗಿಳಿಸಲೇಬೇಕೆಂದು ಅದು ಹೇಳಲಿಲ್ಲ. ಎಲ್ಲವೂ ಇದ್ದೂ ಕೊನೆಗೆ ಉಳಿಯುವ ಪ್ರಶ್ನೆ ಸಹಪ್ರಯಾಣಿಕನ ಮನಸ್ಸಿನದು.

ಆ ತಾಯಿಯನ್ನೂ ನಾನು ಹಳಿಯಲಾರೆ. ನಮ್ಮ ಬಸ್ಸುಗಳಲ್ಲಿಯೂ ಜಗಳ ಬೀಳುವುದು ಬಲಿಷ್ಠನಿಗೂ ದುರ್ಬಲನಿಗೂ ಅಲ್ಲ. ಬಹುಮಟ್ಟಿಗೆ ದಣಿದವನಿಗೂ ದಣಿದವನಿಗೂ. 2023ರ ಜೂನಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಬಂದ ಮೇಲೆ ಬಸ್ಸುಗಳು ತುಂಬಿವೆ ಎಂದು ಗೊಣಗುವವರಿದ್ದಾರೆ. ನಾನು ಗೊಣಗುವುದಿಲ್ಲ. ಅವರು ಎಷ್ಟೋ ವರ್ಷ ಮನೆಯಲ್ಲಿ ಉಳಿದವರು, ಈಗ ಹೊರಟಿದ್ದಾರೆ. ಮನೆಯಲ್ಲಿ ಉಳಿಯುವುದೆಂದರೇನೆಂದು ನನಗೂ ಗೊತ್ತು. ಬಸ್ಸು ತುಂಬಿದಷ್ಟೂ ಹತ್ತುವ ಕ್ರಮ ಬೇಕಾಗುತ್ತದೆ, ಅಷ್ಟೇ. ಖಾಲಿ ಬಸ್ಸಿಗೆ ಯಾವ ಶಿಷ್ಟಾಚಾರವೂ ಬೇಡ.

‘ನಮ್ಮೂರಿನಲ್ಲಿ ಗಾಲಿಕುರ್ಚಿಯವರು ಎಷ್ಟು ಮಂದಿಯಿದ್ದಾರೆ? ಬಸ್ಸಿನಲ್ಲಿ ಒಬ್ಬರನ್ನೂ ಕಂಡಿಲ್ಲವಲ್ಲ’ ಎಂದು ಒಬ್ಬ ಗೆಳೆಯರು ಕೇಳಿದರು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವೈಕಲ್ಯವುಳ್ಳವರು 13 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಗಾಲಿಕುರ್ಚಿಯವರು ಒಂದು ಪಾಲಿರಬಹುದು. ಅವರು ಬಸ್ಸಿನಲ್ಲಿ ಕಾಣುವುದಿಲ್ಲವೆಂದರೆ ಇಲ್ಲವೆಂದು ಅರ್ಥವಲ್ಲ, ಹತ್ತಲಾಗಲಿಲ್ಲವೆಂದು ಅರ್ಥ. ಅಮೆರಿಕದ ಡೆನ್ವರ್ ನಗರದಲ್ಲಿ 1978ರ ಜುಲೈನಲ್ಲಿ ಹತ್ತೊಂಬತ್ತು ಮಂದಿ ವಿಕಲಚೇತನರು ನಡುರಸ್ತೆಯಲ್ಲಿ ಬಸ್ಸುಗಳನ್ನು ತಡೆದು ರಾತ್ರಿಯೆಲ್ಲ ಅಲ್ಲೇ ಉಳಿದರು. ಹತ್ತಗೊಡದ ಬಸ್ಸನ್ನು ಹೊರಡಗೊಡಲಿಲ್ಲ. ಊರು ಅವರನ್ನು ಆಗ ಕಂಡಿತು. ನಮ್ಮ ನಾಡಿನಲ್ಲಿಯೇ, ತಾವೇ ಗಾಲಿಕುರ್ಚಿಯಲ್ಲಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ವಿಕಲಚೇತನರ ಸಂಸ್ಥೆಯೊಂದನ್ನು ಕಟ್ಟಿದರು. ಕಲಿಸಿ, ಕೆಲಸಕ್ಕೆ ಅಣಿಮಾಡುವ ಸಂಸ್ಥೆ. ಕಲಿತವನು ಕೆಲಸಕ್ಕೆ ಹೋಗಬೇಕಾದರೂ ಬಸ್ಸು ಹತ್ತಬೇಕಲ್ಲ!

ಹಾಗಾದರೆ ಮಾಡಬೇಕಾದದ್ದೇನು? ಹೆಚ್ಚೇನಿಲ್ಲ. ಇಳಿಯುವವರು ಮೊದಲು ಇಳಿಯಲಿ. ಆಮೇಲೆ ಗಾಲಿಕುರ್ಚಿಯವರು ಹತ್ತಲಿ. ಆಮೇಲೆ ಉಳಿದವರು. ಇದು ದಯೆಯಲ್ಲ, ಲೆಕ್ಕ. ಜನ ತುಂಬಿದ ಮೇಲೆ ನನ್ನನ್ನು ಒಳಗೆ ಸೇರಿಸಲು ಹತ್ತು ಮಂದಿ ಅಲುಗಾಡಬೇಕು. ಮೊದಲೇ ಸೇರಿಸಿದರೆ ಯಾರೂ ಅಲುಗಾಡಬೇಕಿಲ್ಲ.

ಎರಡನೆಯದು, ಮುಟ್ಟುವ ಮುನ್ನ ಕೇಳುವುದು. ಒಮ್ಮೆ ಇಬ್ಬರು ಗಟ್ಟಿ ಯುವಕರು ಹಿಂದಿನಿಂದ ಬಂದು, ಒಬ್ಬ ಕಂಕುಳಿಗೆ ಕೈಕೊಟ್ಟು, ಇನ್ನೊಬ್ಬ ಕಾಲು ಹಿಡಿದು ನನ್ನನ್ನು ರಾಗಿ ಮೂಟೆಯಂತೆ ಎತ್ತಿಬಿಟ್ಟರು. ಪಂಚೆ ಸರಿಯಿತು, ಭುಜ ಉಳುಕಿತು. ಕುರ್ಚಿ ಕೆಳಗೇ ಉಳಿದು, ನನ್ನ ಹೆಂಡತಿ ಅದನ್ನು ಮಡಿಸಲು ಒದ್ದಾಡುವಷ್ಟರಲ್ಲಿ ಬಸ್ಸು ನಾಲ್ಕು ಮಾರು ಮುಂದೆ ಹೋಗಿತ್ತು. ಅವರ ಮನಸ್ಸು ಒಳ್ಳೆಯದೇ. ಆದರೆ ಮೂಟೆ ಎತ್ತುವವನು ಮೂಟೆಯನ್ನು ಕೇಳಬೇಕಿಲ್ಲ. ಮನುಷ್ಯನನ್ನು ಎತ್ತುವವನು ಕೇಳಬೇಕು. ನನ್ನ ದೇಹದಲ್ಲಿ ಎಲ್ಲಿ ನೋವಿದೆಯೆಂಬುದು ನನಗೆ ಮಾತ್ರ ಗೊತ್ತು. ಕುರ್ಚಿಯೂ ನನ್ನ ದೇಹದ ಭಾಗವೇ. ಅದು ಹತ್ತದೆ ನಾನು ಹತ್ತಿದಂತಾಗುವುದಿಲ್ಲ.

ಮೂರನೆಯದು, ಮಾತನ್ನು ನನ್ನೊಡನೆಯೇ ಆಡುವುದು. ಕಂಡಕ್ಟರೊಬ್ಬರು ನನ್ನೆದುರಿಗೇ ನನ್ನ ಹೆಂಡತಿಯನ್ನು, ‘ಏನಮ್ಮಾ, ಇವರನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದೀರಿ?’ ಎಂದು ಕೇಳಿದರು. ಅವಳು, ‘ಅವರನ್ನೇ ಕೇಳಿ ಸ್ವಾಮಿ. ಮೂವತ್ತಾರು ವರ್ಷ ಮೇಷ್ಟ್ರಾಗಿದ್ದವರು, ಮಾತು ಚೆನ್ನಾಗಿಯೇ ಬರುತ್ತೆ’ ಎಂದಳು. ಕಂಡಕ್ಟರು ನಕ್ಕು ನನ್ನ ಕಡೆ ತಿರುಗಿದರು. ಆ ದಿನದ ಪ್ರಯಾಣ ಸುಖವಾಗಿಯೇ ಆಯಿತು.

ಇದು ನಮ್ಮ ಜನಕ್ಕೆ ಅಸಾಧ್ಯವಾದ ವಿದ್ಯೆಯೆಂದು ನಾನು ಒಪ್ಪಲಾರೆ. ರೇಷ್ಮೆಗೂಡಿನ ಚೀಲ ಬಸ್ಸಿಗೆ ಬಂದಾಗ ನಮ್ಮವರು ಏನು ಮಾಡುತ್ತಾರೆ? ‘ಗೂಡು, ಗೂಡು’ ಎಂದೊಡನೆ ಕಾಲು ಮಡಿಸಿಕೊಳ್ಳುತ್ತಾರೆ. ಅದರ ಮೇಲೆ ಯಾರೂ ಒರಗುವುದಿಲ್ಲ. ಒತ್ತಿದರೆ ಒಳಗಿನ ಹುಳು ನಜ್ಜಾಗಿ ಕಲೆ ಬೀಳುತ್ತದೆ, ಬೆಲೆ ಬೀಳುತ್ತದೆ, ಒಂದು ಮನೆಯ ಒಂದು ತಿಂಗಳ ದುಡಿಮೆ ಹಾಳಾಗುತ್ತದೆ ಎಂಬುದನ್ನು ಇಲ್ಲಿನ ಮಕ್ಕಳೂ ಬಲ್ಲರು. ತಿಳಿವಳಿಕೆ ಬಂದಲ್ಲಿ ಜಾಗ ತಾನಾಗಿ ಬರುತ್ತದೆ.

ಕಳೆದ ವರ್ಷ ನನ್ನ ಹಳೆಯ ಶಿಷ್ಯನೊಬ್ಬನ ಮದುವೆ ಮುಗಿಸಿಕೊಂಡು ಕನಕಪುರದ ದಾರಿಯ ಹಳ್ಳಿಯೊಂದರಲ್ಲಿ ಸಂಜೆ ಬಸ್ಸಿಗೆ ಕಾಯುತ್ತಿದ್ದೆವು. ಬಸ್ಸು ಬಂದಾಗ ಜನ ಎಂದಿನಂತೆ ನುಗ್ಗಿದರು. ಸೊಪ್ಪಿನ ಮಂಕರಿ ಹೊತ್ತಿದ್ದ ಹೆಂಗಸೊಬ್ಬಳು ಬಾಗಿಲಿಗೆ ಅಡ್ಡ ನಿಂತು, ‘ತಡೀರಪ್ಪೋ! ಇಳಿಯೋರು ಇಳೀಲಿ. ಆಮೇಲೆ ಮೇಷ್ಟ್ರು. ಆಮೇಲೆ ನಾವು’ ಎಂದು ಕೂಗಿದಳು. ಜನ ನಿಂತಿತು. ಅವಳು ನನ್ನ ಕಡೆ ಬಗ್ಗಿ, ‘ಎಲ್ಲಿ ಹಿಡೀಬೇಕು ಯೋಳಿ ಸ್ವಾಮಿ. ಗೊತ್ತಿಲ್ದೆ ಹಿಡಿದ್ರೆ ನೋವಾದಾತು’ ಎಂದಳು. ನಾನು ಹೇಳಿದೆ. ಇಬ್ಬರು ಕುರ್ಚಿಯ ಸಮೇತ ನನ್ನನ್ನು ಎತ್ತಿ ಒಳಗಿಟ್ಟರು. ಚಾಲಕರು ಎಂಜಿನ್ ನಿಲ್ಲಿಸಿ ಕಾದರು. ಇಷ್ಟಕ್ಕೆ ಹಿಡಿದ ಹೊತ್ತು ಒಂದು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ.

ಮುಂದಿನ ಸೀಟಿನ ಮೇಲೆ ಒಂದು ಟವಲು ಬಿದ್ದಿತ್ತು. ಅದನ್ನು ಎಸೆದಿದ್ದ ಹುಡುಗ ಹಿಂದಿನಿಂದ ಬಂದ. ನನ್ನನ್ನು ನೋಡಿದ, ಟವಲನ್ನು ನೋಡಿದ, ನಿಂತಿದ್ದ ನನ್ನ ಹೆಂಡತಿಯನ್ನು ನೋಡಿದ. ಆಮೇಲೆ ಟವಲನ್ನು ತೆಗೆದು ಹೆಗಲಿಗೆ ಹಾಕಿಕೊಂಡು, ‘ಕೂತ್ಕಳಿ ಅಮ್ಮಾ, ಮೇಷ್ಟ್ರ ಪಕ್ಕ. ನಿಮಗೇ ಹಾಕಿದ್ದು ಅಂದ್ಕಳಿ’ ಎಂದ.

ರಾಮನಗರದವರೆಗೂ ಆ ಹುಡುಗ ನಿಂತೇ ಬಂದ. ಅವನ ಹೆಸರನ್ನು ಕೇಳಲು ನಾನು ಮರೆತೆ. ಈ ಭಾಷಣ ಅವನ ಕಿವಿಗೆ ಬಿದ್ದರೆ, ನನ್ನ ನಮಸ್ಕಾರ.

(ಬಾನುಲಿ ಭಾಷಣ)